ಮಾರ್ಕಾದ ಕೆಳಗಿನ ಹೆಂಗಸು

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಮಾರ್ಕಾ ಇಲ್ಲದ ಚೀಲಕ್ಕೆ ಹೇಳುವವರೂ ಇಲ್ಲ, ಕೇಳುವವರೂ ಇಲ್ಲ. ಯಾವ ಅಂಗಡಿಯ ಮಾಲು, ಯಾವ ಲಾರಿಗೆ ಏರಬೇಕು, ಯಾವ ಊರಲ್ಲಿ ಇಳಿಯಬೇಕು ಎಂಬುದನ್ನೆಲ್ಲ ಹಮಾಲರು ಚೀಲದ ಹೊಟ್ಟೆಯ ಮೇಲೆ ಒತ್ತಿದ ಚಿತ್ರ ನೋಡಿಯೇ ತಿಳಿಯುತ್ತಿದ್ದರು. ಬೆನ್ನ ಮೇಲೆ ಮೂಟೆ ಹೊತ್ತು ಓಡುವವನಿಗೆ ಅಕ್ಷರ ಕೂಡಿಸಿಕೊಂಡು ಓದುವ ಪುರಸೊತ್ತು ಎಲ್ಲಿಂದ ಬರಬೇಕು? ಹಾಗಾಗಿ ಒಂದು ಅಂಗಡಿಗೆ ನವಿಲು, ಇನ್ನೊಂದಕ್ಕೆ ತಕ್ಕಡಿ, ಮತ್ತೊಂದಕ್ಕೆ ಜೋಡಿ ಕೋಳಿ. ಆ ನವಿಲು, ತಕ್ಕಡಿ, ಕೋಳಿಗಳನ್ನೆಲ್ಲ ಎಣ್ಣೆ ಡಬ್ಬಿಯ ತಗಡಿನಲ್ಲಿ ಕೊರೆದು ಕೊಡುತ್ತಿದ್ದವಳು ರೇಣುಕವ್ವ. ಕೊರೆದ ತಗಡನ್ನು ಚೀಲದ ಮೇಲಿಟ್ಟು, ಬಣ್ಣದಲ್ಲಿ ಅದ್ದಿದ ಅರಿವೆಯಿಂದ ತಟ್ಟಿ, ಎತ್ತಿದರೆ ಚೀಲಕ್ಕೊಂದು ಹೆಸರು ಬಂದಂತೆಯೇ.

ಕೆಲಸ ಗಂಡ ಮೈಲಾರೆಪ್ಪನದು. ಅವನು ತೀರಿಕೊಂಡಾಗ ಅಂಗಡಿಕಾರರೆಲ್ಲ ಇನ್ನು ಮಾರ್ಕಾ ಯಾರು ಕೊರೀತಾರಪ್ಪಾ ಎಂದು ತಲೆ ಕೆರೆದುಕೊಳ್ಳುತ್ತಿರುವಾಗಲೇ ಇವಳು ಚಾಣ, ಸುತ್ತಿಗೆ ಎತ್ತಿಕೊಂಡು ಮನೆ ಮುಂದಿನ ಕಟ್ಟೆಯ ಮೇಲೆ ಕುಳಿತುಬಿಟ್ಟಳು. ಮೊದಲು ಕೊರೆದ ನವಿಲು ಕೋಳಿಯ ಹಾಗಿತ್ತು, ಕೋಳಿ ಬದನೆಕಾಯಿಯ ಹಾಗಿತ್ತು. ಯಾರಾದರೂ ನಕ್ಕರೆ ಅವಳೂ ಜೊತೆಗೆ ನಗುತ್ತಿದ್ದಳು. ಬರಬರುತ್ತ ಕೈ ಕುದುರಿತು, ಜಂಬವೂ ಬಂತು. "ನನ್ನ ನವಿಲು ಮುಂಬೈ ನೋಡಿ ಬಂದೈತಿ, ನಾನಽ ಇನ್ನೂ ಹುಬ್ಬಳ್ಳಿ ದಾಟಿಲ್ಲ" ಎಂದು ಸಿಕ್ಕಸಿಕ್ಕವರ ಮುಂದೆ ಹೇಳಿಕೊಳ್ಳುತ್ತಿದ್ದಳು.

ಇನ್ನು ಅವಳ ಗಾತ್ರ. ದೇವರು ಅವಳನ್ನು ಮಾಡುವಾಗ ಕೈ ಹಿಡಿದು ಮಾಡಿರಲಿಲ್ಲ. ಬಸ್ಸಿನಲ್ಲಿ ಅವಳು ಬಂದು ಕುಳಿತರೆ ಪಕ್ಕದವರು ತಾವಾಗಿಯೇ ಎದ್ದು ನಿಲ್ಲುತ್ತಿದ್ದರು. ಹಮಾಲರ ಮುಕಾದಮ ಯೂಸುಫಸಾಬ ಅವಳನ್ನು ಕಂಡಾಗಲೆಲ್ಲ, "ರೇಣಕ್ಕಾ, ನಿನಗೊಂದು ಮಾರ್ಕಾ ಹೊಡದ್ರ ಲಾರಿ ಲೋಡ್ ಆತು ನೋಡು" ಎಂದು ಕಿಚಾಯಿಸುತ್ತಿದ್ದ. ಅವಳು ಅದಕ್ಕೂ ನಗುತ್ತಿದ್ದಳು. ನಕ್ಕು ಒಳಗೆ ಹೋದಮೇಲೆ ಮಾತ್ರ, ನಾನಿರೋದು ನಗಾಕಷ್ಟೇನ ಎಂದು ಒಂದು ಗಳಿಗೆ ಮೋರೆ ಸಣ್ಣಗೆ ಮಾಡಿಕೊಳ್ಳುತ್ತಿದ್ದಳು. ಅವಳ ಮೈಯಲ್ಲಿ ಸಣ್ಣಗಾಗುತ್ತಿದ್ದುದು ಅದೊಂದೇ.

ಹಾವೇರಿ ಜಿಲ್ಲೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಸುಗ್ಗಿಯ ಮೆಣಸಿನಕಾಯಿ ಪೇಟೆ ತುಂಬ ಕೆಂಪಗೆ ಹರಡಿಕೊಂಡಿದ್ದ ಒಂದು ಮುಂಜಾನೆ, ಕುಂಟುತ್ತ ಕುಂಟುತ್ತ, ಸೀನುತ್ತ ಸೀನುತ್ತ, ತಲೆಗೆ ಹಸಿರು ಸೆರಗು ಹೊದ್ದ ಹೆಂಗಸೊಬ್ಬಳು ರೇಣುಕವ್ವನ ಕಟ್ಟೆಗೆ ಬಂದಳು. ಅವಳು ರಾಣೆಬೆನ್ನೂರಿನ ಹಾಜಿರಾಬಿ. ಹರೆಯದಲ್ಲಿ ಊರೂರು ತಿರುಗುವ ಸರ್ಕಸ್ಸಿನಲ್ಲಿ ಹಗ್ಗದ ಮೇಲೆ ನಡೆದವಳು, ಒಮ್ಮೆ ಕೆಳಗೆ ಬಿದ್ದು ಸೊಂಟ ಮುರಿದುಕೊಂಡು ಊರಿಗೆ ಮರಳಿದವಳು. ಸುಮ್ಮನೆ ಕೂಡ್ರುವ ಜಾತಿಯಲ್ಲ. ಸ್ಟೇಷನ್ನಿನ ಹಿಂದೆ ಮುಚ್ಚಿಹೋಗಿದ್ದ ಹತ್ತಿ ಜಿನ್ನಿನ ಶೆಡ್ಡಿನಲ್ಲಿ 'ಎಲ್ಲಾರ ಸರ್ಕಸ್ ಶಾಲೆ' ಅಂತ ತೆರೆದಿದ್ದಳು. ಬಂದವರಿಗೆಲ್ಲ ಬಾಗಿಲು ತೆರೆದಿತ್ತು.

"ಯವ್ವಾ, ನನಗೊಂದು ಮಾರ್ಕಾ ಬೇಕು" ಎಂದಳು ಹಾಜಿರಾಬಿ.

"ಯಾವ ಮಾಲಿಗೆ?"

"ಮಂದಿಗೆ."

ರೇಣುಕವ್ವ ಚಾಣ ಕೆಳಗಿಟ್ಟಳು. ಹಾಜಿರಾಬಿ ತನ್ನ ಗೋಳು ಹೇಳಿಕೊಂಡಳು. ರಾಣೆಬೆನ್ನೂರಿನಲ್ಲಿ ಮೊದಲ ಆಟ ಇಟ್ಟಾಗ ಪೇಂಟರ್ ಒಬ್ಬನ ಕೈಯಲ್ಲಿ ಬೋರ್ಡು ಬರೆಸಿದ್ದಳಂತೆ. ಆ ಪುಣ್ಯಾತ್ಮ, ಸರ್ಕಸ್ ಅಂದರೆ ಸಿಂಹ ಇಲ್ಲದೆ ಹ್ಯಾಂಗ ಎಂದು ತಾನೇ ತೀರ್ಮಾನಿಸಿ ಒಂದು ಸಿಂಹ, ಎರಡು ಹುಲಿ, ಸ್ಟೂಲಿನ ಮೇಲೆ ಕುಳಿತ ಆನೆ ಎಲ್ಲ ಬರೆದುಬಿಟ್ಟಿದ್ದ. ಬಂದವರು ಸಿಂಹ ಎಲ್ಲಿ ಎಂದು ಗದ್ದಲ ಹಾಕಿದರು. ಕೊನೆಗೆ ದಾರಿ ಕಾಣದೆ ಡಾಕಪ್ಪ ಎಂಬ ಹುಡುಗ ಹಳದಿ ಕಂಬಳಿ ಹೊದ್ದು ಗರ್ಜಿಸಿದನಂತೆ. ಜನ ಎದ್ದು ಹೋಗುವಾಗ ನಕ್ಕ ನಗು ಇನ್ನೂ ಅವಳ ಕಿವಿಯಲ್ಲಿತ್ತು.

"ಈಗ ಹಾವೇರ್ಯಾಗ ಆಟ ಇಟ್ಟೇನಿ. ಇನ್ನೊಮ್ಮೆ ಮಂದಿ ಹಂಗ ಎದ್ದು ಹೋದ್ರು ಅಂದ್ರ ಶಾಲಿ ಬಾಗಿಲಾ ಹಾಕಿಬಿಡ್ತೇನಿ. ಖುದಾ ಕಸಂ. ನಮ್ಮ ಹತ್ರ ಏನೈತೋ ಅದನ್ನಷ್ಟಽ ತೋರಿಸೋ ಮಾರ್ಕಾ ಮಾಡಿಕೊಡು. ಓದಾಕ ಬರದವರಿಗೂ ತಿಳೀಬೇಕು."

"ನಿಮ್ಮ ಹತ್ರ ಏನೈತಿ?"

"ಬಂದು ನೋಡು" ಎಂದು ಹಾಜಿರಾಬಿ ಮತ್ತೊಮ್ಮೆ ಸೀನಿದಳು.

ರೇಣುಕವ್ವ ಮಾರನೆಯ ದಿನವೇ ರಾಣೆಬೆನ್ನೂರಿನ ಬಸ್ಸು ಹತ್ತಿದಳು. ಶೆಡ್ಡಿನ ಬಾಗಿಲಲ್ಲಿ ಅವಳನ್ನು ಎದುರುಗೊಂಡದ್ದು ಎರಡು ಪಾದ. ಅವಳ ಮುಖದ ಎದುರಿಗೇ ಎರಡು ಪಾದ, ಕೆಳಗೆ ನೋಡಿದರೆ ನಗುವ ಮುಖ. "ಬರ್ರಿ ಅಕ್ಕಾರ, ಕುಂದ್ರಿ" ಎಂದಿತು ಆ ಮುಖ, ತಲೆಕೆಳಗಾಗಿಯೇ. ಅವಳು ಮುತ್ತವ್ವ. ಪೋಲಿಯೋದಿಂದ ಒಂದು ಕಾಲು ಸೊರಗಿತ್ತು. ಕೋಲು ಹಿಡಿದು ನಡೆದರೆ ನಾಲ್ಕು ಹೆಜ್ಜೆಗೆ ದಣಿಯುವ ಹುಡುಗಿ, ಕೈ ಮೇಲೆ ನಡೆದರೆ ಶೆಡ್ಡು ಸುತ್ತಿ ಬರುತ್ತಿದ್ದಳು. ಅತ್ತ ಕಿವಿ ಕೇಳದ ಕುತುಬುದ್ದೀನ ಸೈಕಲ್ ರಿಮ್ಮುಗಳನ್ನು ಗಾಳಿಯಲ್ಲಿ ಆಡಿಸುತ್ತಿದ್ದ, ಒಂದೂ ನೆಲ ಮುಟ್ಟುತ್ತಿರಲಿಲ್ಲ. ಸಿಂಹವಾಗಿ ಗರ್ಜಿಸಿದ ಡಾಕಪ್ಪ ಕುಪ್ಪೇಲೂರಿನವನು, ಹುಟ್ಟಿನಿಂದ ಕಣ್ಣು ಕಾಣದವನು. ಅವನು ಎರಡೂ ಕೈ ಮೇಲೆತ್ತಿ ನಿಂತರೆ ಮುತ್ತವ್ವ ಅವನ ಬೆನ್ನು ಹತ್ತಿ, ಅವನ ಅಂಗೈಗಳ ಮೇಲೆ ತನ್ನ ಅಂಗೈ ಊರಿ, ಕಾಲು ಮೇಲೆ ಮಾಡಿ ನಿಂತುಬಿಡುತ್ತಿದ್ದಳು. ಅವರ ತಲೆಯ ಮೇಲೆ ಕಮಾನಿನಂತೆ ಕುತುಬುದ್ದೀನನ ರಿಮ್ಮುಗಳು ಹಾರುತ್ತಿದ್ದವು.

ರೇಣುಕವ್ವ ಬಾಯಿ ತೆರೆದವಳು ಮುಚ್ಚಲಿಲ್ಲ. ಅವಳಿಗೆ ಎದೆಯಲ್ಲಿ ಏನೋ ಕುಣಿದಾಡಿತು. ಕುಣಿದಾಡಿದ್ದು ಆಸೆ. ನೋಡುವ ಆಸೆಯಲ್ಲ, ಸೇರಿಕೊಳ್ಳುವ ಆಸೆ! ಅವರ ನಡುವೆ ನಾನೂ ಎಲ್ಲಾದರೂ ಒಂದು ಕಡೆ ನಿಂತರೆ, ಕುಂತರೆ, ಬೋರಲು ಬಿದ್ದರೆ ಎಷ್ಟು ಚಂದ ಎನ್ನಿಸಿ ಅವಳಿಗೇ ನಾಚಿಕೆಯಾಯಿತು. ಐವತ್ತು ಮುಟ್ಟಿದ ಹೆಂಗಸು, ಅದೂ ಈ ಗಾತ್ರದವಳು! ಎಲ್ಲರ ಶಾಲೆ ಅಂದರೆ ಏನಾದರೂ ಕೊರತೆ ಇದ್ದವರ ಶಾಲೆ ಇರಬೇಕು, ನನಗೆ ಕೊರತೆ ಏನಿದೆ, ಇರುವುದೆಲ್ಲ ಹೆಚ್ಚಳವೇ ಎಂದು ತನಗೆ ತಾನೇ ಬುದ್ಧಿ ಹೇಳಿಕೊಂಡಳು. ಕೇಳಲು ಬಾಯಿ ಬರಲಿಲ್ಲ. ಡಾಕಪ್ಪ ಕುಳಿತಿದ್ದ ಬೆಂಚಿನ ಇನ್ನೊಂದು ತುದಿಗೆ ಕುಳಿತು ಚಹಾ ಕುಡಿದು ಬಸ್ಸು ಹತ್ತಿದಳು.

ಮೊದಲ ಮಾರ್ಕಾದಲ್ಲಿ ಅವಳು ಮುತ್ತವ್ವನ ಕೋಲು ಕೊರೆದಿದ್ದಳು. ಹಮಾಲರು ನವಿಲನ್ನು ಗರಿಯಿಂದ, ಕೋಳಿಯನ್ನು ಜುಟ್ಟಿನಿಂದ ಗುರುತಿಸುತ್ತಾರಲ್ಲ, ಮುತ್ತವ್ವನನ್ನು ಕೋಲಿನಿಂದ ಗುರುತಿಸಲಿ ಎಂಬ ಲೆಕ್ಕ. ತಗಡನ್ನು ನೋಡಿ ಮುತ್ತವ್ವನ ಮೂಗಿನ ಹೊಳ್ಳೆಗಳು ಅರಳಿದವು.

"ಅಲ್ರೀ ಅಕ್ಕಾರ, ನಾ ಯಾವಾಗ ಕೋಲು ಹಿಡಕೊಂಡು ಡಾಕ್ಯಾನ ಮ್ಯಾಲ ಹತ್ತೇನಿ?"

"ಇಲ್ಲವ್ವಾ, ಗುರುತಿಗೆ ಅಂತ..."

"ಕೋಲು ಬಸ್‌ಸ್ಟ್ಯಾಂಡಿಗೆ ಹೋಗೋ ಮುತ್ತವ್ವಂದು. ಸರ್ಕಸ್ಸಿನ ಮುತ್ತವ್ವಗ ಕೈ ಅದಾವು. ಕೈ ಕೊರೀರಿ, ದಪ್ಪಗ ಕೊರೀರಿ!"

ರೇಣುಕವ್ವ ಕಿವಿ ಹಿಡಿದುಕೊಂಡು ತಪ್ಪಾಯಿತು ಎಂದಳು. ಮನೆಗೆ ಬಂದು ಹೊಸ ತಗಡು ಹಿಡಿದು, ಡಾಕಪ್ಪನ ಎತ್ತಿದ ಕೈ, ಅದರ ಮೇಲೆ ಮುತ್ತವ್ವನ ಕೈ, ಮೇಲೆ ಅವಳ ಪಾದ, ಸುತ್ತಲೂ ರಿಮ್ಮುಗಳ ಕಮಾನು ಎಲ್ಲ ಕೊರೆದಳು. ಚಿತ್ರವೇನೋ ಚಂದ. ಆದರೆ ತಗಡಿನ ಕೆಲಸದಲ್ಲಿ ಒಂದು ಪೇಚಿದೆ. ಕೊರೆದು ತೆಗೆದ ಜಾಗ ಹೆಚ್ಚಾದರೆ ಉಳಿದ ತಗಡಿಗೆ ಬಲ ಇರುವುದಿಲ್ಲ, ತುಣುಕು ತುಣುಕಿಗೂ ನಡುವೆ ಕೊಂಡಿ ಬಿಡಬೇಕು. ಡಾಕಪ್ಪನೋ ಸಣಕಲ. ಅವನ ಎರಡು ಕಡ್ಡಿಯಂಥ ಕಾಲುಗಳ ಸುತ್ತ ತಗಡು ಲಟಪಟ ಆಡುತ್ತಿತ್ತು. ಎತ್ತಿದಾಗಲೆಲ್ಲ ಮಡಚಿಕೊಂಡು ಡಾಕಪ್ಪನೂ ಮುತ್ತವ್ವನೂ ಮುಖ ಕೆಳಗಾಗಿ ಬೀಳುತ್ತಿದ್ದರು. ಕೆಳಗೆ ಅಗಲವಾದ ಏನಾದರೊಂದು ಬೇಕಿತ್ತು, ಅದರ ಗೆರೆಗಳ ನಡುನಡುವೆ ದಪ್ಪ ಕೊಂಡಿ ಬಿಡುವಂತಿರಬೇಕಿತ್ತು.

ಕಲ್ಲು ಕೊರೆಯಬಹುದಿತ್ತು. ಪೆಟ್ಟಿಗೆ ಕೊರೆಯಬಹುದಿತ್ತು. ರೇಣುಕವ್ವನ ಚಾಣ ಕೊರೆದದ್ದು ಕೈ ಮಂಡಿ ಊರಿ ನಿಂತ ಒಬ್ಬ ಹೆಂಗಸನ್ನು. ವಿಶಾಲವಾದ ಬೆನ್ನು, ದೊಡ್ಡ ತುರುಬು, ಕಚ್ಚೆ ಹಾಕಿದ ಸೀರೆ. ಆ ಬೆನ್ನಿನ ಮೇಲೆ ಡಾಕಪ್ಪ ಗಟ್ಟಿಯಾಗಿ ನಿಂತ. ತಗಡು ಅಲ್ಲಾಡಲಿಲ್ಲ. ಅವಳು ಒಂದು ಸಲ ಅತ್ತಿತ್ತ ನೋಡಿದಳು. ಯಾರೂ ನೋಡುತ್ತಿಲ್ಲವೆಂದು ಗೊತ್ತಾದ ಮೇಲೆ ಆ ತುರುಬಿಗೆ ಒಂದು ಹೂವನ್ನೂ ಕೊರೆದಳು.

"ಕೆಳಗ ಇದ್ಯಾರು?" ಎಂದಳು ಹಾಜಿರಾಬಿ, ತಗಡನ್ನು ದೂರ ಹಿಡಿದು.

"ಯಾರೂ ಅಲ್ರೀ. ತಗಡಿಗೆ ಬಲ ಬೇಕಲ್ಲ, ಅದಕ್ಕ" ಎಂದು ರೇಣುಕವ್ವ ಸೆರಗು ತಿರುವಿದಳು.

ಡಾಕಪ್ಪ ತಗಡನ್ನು ಕೈಗೆ ತೆಗೆದುಕೊಂಡು ಬೆರಳಾಡಿಸಿದ. ಮೇಲಿನಿಂದ ಹೊರಟ ಬೆರಳು ಮುತ್ತವ್ವನ ಪಾದ, ಕೈ, ತನ್ನ ಕೈ, ತನ್ನ ಕಾಲು ಎಲ್ಲ ಮುಟ್ಟಿ, ಗುರುತು ಹಿಡಿದು, ಕೆಳಗೆ ಬಂದು ನಿಂತಿತು. ಅಗಲವಾದ ಬೆನ್ನಿನ ಮೇಲೆ ಆ ತುದಿಯಿಂದ ಈ ತುದಿಗೆ ಹೋಗಿ ಬರಲು ಅದಕ್ಕೆ ಹೊತ್ತು ಹಿಡಿಯಿತು. ಅವನ ಮುಖದಲ್ಲಿ ನಗು ಹರಡಿತು.

"ಬೇ ಹಾಜಿರಾಬೀ, ಈಕಿ ಹೋದ ವಾರ ನಮ್ಮ ಬೆಂಚಿನ ಮ್ಯಾಲ ಕುಂತಾಕಿ. ಆ ತುದಿಗೆ ಈಕಿ ಕುಂತ್ರ ಈ ತುದಿಗೆ ನಾ ಮ್ಯಾಲ ಎದ್ದಿದ್ನಲ್ಲ, ಅದಽ ಬೆನ್ನು!"

ಶೆಡ್ಡು ಹಾರಿಹೋಗುವಂತೆ ಎಲ್ಲರೂ ನಕ್ಕರು. ನಗು ಕೇಳದ ಕುತುಬುದ್ದೀನ ತಗಡು ನೋಡಿ, ರೇಣುಕವ್ವನನ್ನು ನೋಡಿ, ಎಲ್ಲರಿಗಿಂತ ಜೋರಾಗಿ ನಕ್ಕ. ರೇಣುಕವ್ವ ಮುಖ ಕೆಂಪಗೆ ಮಾಡಿಕೊಂಡು ಓಡಿಬಂದಳು. ಓಡುವಾಗ ಒಳಗೊಳಗೇ ಖುಷಿಯಾಗಿತ್ತು ಎನ್ನುವುದನ್ನು ಮುಚ್ಚಿಟ್ಟು ಏನು ಪ್ರಯೋಜನ!

ಮಾರ್ಕಾ ಸಾರುವ ಕೆಲಸ ಬಾಕಿ ಇತ್ತು. ಅವಳಿಗೆ ಗೊತ್ತಿದ್ದ ದಾರಿ ಒಂದೇ, ಚೀಲ. ಮಗ ಉಡಚಪ್ಪ ಗುಮಾಸ್ತನಾಗಿದ್ದ ಅಂಗಡಿಯ ಮಾಲೀಕ ಕರಬಸಪ್ಪ ಒಳ್ಳೆಯ ಮನುಷ್ಯ, ಹಳ್ಳಿಗಳಿಗೆ ಹೋಗುವ ತನ್ನ ಖಾಲಿ ಚೀಲಗಳ ಒಂದು ಮಗ್ಗುಲಿಗೆ ಸರ್ಕಸ್ಸಿನ ಮಾರ್ಕಾ ಹೊಡೆದುಕೊಳ್ಳಲು ಹೂಂ ಎಂದ. ರೇಣುಕವ್ವ ಕಡುಗೆಂಪು ಬಣ್ಣ ಕಲಸಿ ತಟ್ಟಿದ್ದೇ ತಟ್ಟಿದ್ದು. ಚೀಲಗಳು ಕುಪ್ಪೇಲೂರಿಗೆ ಹೋದವು, ಅದರಾಚೆಗೂ ಹೋದವು. ಹಾವೇರಿಯಲ್ಲಿ ಹೋಳಿ ಮುಗಿದ ಮೇಲಿನ ರವಿವಾರ ಆಟ ಎಂದು ಬಾಯಿಂದ ಬಾಯಿಗೆ ಸುದ್ದಿಯೂ ಹೋಯಿತು. ಅಲ್ಲಿಯವರೆಗೆ ಎಲ್ಲ ಸರಿಯಿತ್ತು.

ರೈತರು ಅದೇ ಚೀಲಗಳಲ್ಲಿ ಮೆಣಸಿನಕಾಯಿ ತುಂಬಿ ಪೇಟೆಗೆ ತಂದರು. ಹಮಾಲರು ಲಾರಿಗೆ ಏರಿಸುವಾಗ ನೋಡುತ್ತಾರೆ, ಒಂದು ಮಗ್ಗುಲಲ್ಲಿ ಕರಬಸಪ್ಪನ ಮಾಸಿದ ಜೋಡಿ ಕೋಳಿ, ಇನ್ನೊಂದು ಮಗ್ಗುಲಲ್ಲಿ ಝಗಝಗಿಸುವ ಹೊಸ ಮಾರ್ಕಾ. ಹಳೆಯ ಮಾರ್ಕಾದ ಮೇಲೆ ಹೊಸದು ಬಿದ್ದರೆ ಮಾಲು ಕೈ ಬದಲಾಗಿದೆ ಎಂದೇ ಪೇಟೆಯ ರಿವಾಜು. ಈ ಮಾರ್ಕಾದವರು ಎಲ್ಲಿಯವರು ಎಂದು ಒಬ್ಬ ಕೇಳಿದ. ರಾಣೆಬೆನ್ನೂರು ಸ್ಟೇಷನ್ನಿನ ಹಿಂದಿನ ಶೆಡ್ಡಿನವರು ಎಂದು ಇನ್ನೊಬ್ಬ ಹೇಳಿದ. ಸಂಜೆಯೊಳಗೆ ಕರಬಸಪ್ಪನ ಲಾರಿ ತುಂಬ ಮೆಣಸಿನಕಾಯಿ ಸರ್ಕಸ್ ಶಾಲೆಯೊಳಗೆ ಅಚ್ಚುಕಟ್ಟಾಗಿ ಇಳಿದಿತ್ತು!

ಮುತ್ತವ್ವ ಕೈ ಮೇಲೆ ನಿಂತವಳು ಸೀನಿ ಸೀನಿ ನೆಲಕ್ಕೆ ಬಂದಳು. ಕುತುಬುದ್ದೀನನ ರಿಮ್ಮುಗಳು ಮೊದಲ ಬಾರಿಗೆ ದಿಕ್ಕಾಪಾಲಾದವು. ಹಾಜಿರಾಬಿ ಮೂಗಿಗೆ ಸೆರಗು ಹಿಡಿದು, "ತೌಬಾ ತೌಬಾ, ಇದಕ್ಕಿಂತ ಸಿಂಹಾನಽ ಚಲೋ ಇತ್ತು" ಎಂದಳು. ಮಾಲು ವಾಪಸು ಒಯ್ಯಲು ಯೂಸುಫಸಾಬ ತನ್ನ ಹಮಾಲರನ್ನು ಕರೆದುಕೊಂಡು ಓಡಿಬಂದ. ಬಂದವರು ಚೀಲ ಮರೆತು ಆಟ ನೋಡುತ್ತ ನಿಂತುಬಿಟ್ಟರು. ಡಾಕಪ್ಪನ ಮೇಲೆ ಮುತ್ತವ್ವ ನಿಂತಾಗ ಶೀಟಿ ಹೊಡೆದರು. ಆಮೇಲೆ ಯೂಸುಫಸಾಬ ಒಂದು ಚೀಲದ ಮಾರ್ಕಾದ ಮೇಲೆ ಬೆರಳಿಟ್ಟು ಕೇಳಿದ.

"ಎಲ್ಲಾ ಬಂತು. ಕೆಳಗಿನಾಕಿ ಎಲ್ಲೆದಾಳ? ಮಾರ್ಕಾದಾಗ ಇದ್ದ ಮಾಲು ಚೀಲದಾಗ ಇರಬೇಕಲ್ಲ?"

ಹಾಜಿರಾಬಿಗೆ ಸಿಂಹದ ನೆನಪಾಯಿತು. ಆದರೆ ಸರ್ಕಸ್ಸಿನ ಹೆಂಗಸು, ಮುಖ ಅಲುಗಿಸಲಿಲ್ಲ. "ಅಕೀನ್ನ ಹಾವೇರ್ಯಾಗ ನೋಡ್ರಿ" ಎಂದುಬಿಟ್ಟಳು.

ಮಾರನೆಯ ದಿನ ಬ್ಯಾಡಗಿಗೆ ಬಂದು ರೇಣುಕವ್ವನ ಕೈ ಹಿಡಿದು, "ನೀ ಬರಬೇಕು ನೋಡು" ಎಂದಳು. ರೇಣುಕವ್ವನ ಕಣ್ಣು ಹೊಳೆದದ್ದು ಹಾಜಿರಾಬಿಗೆ ಕಾಣಿಸಿತು. "ನನಗೇನೂ ಊನಾ ಇಲ್ಲಲ್ರೀ, ನಿಮ್ಮ ಶಾಲ್ಯಾಗ ನನ್ನ ತಗೋತೀರೇನ್ರಿ?" ಎಂದು ಕೇಳಿದಳು ರೇಣುಕವ್ವ.

"ಅರೆ ಹುಚ್ಚವ್ವಾ, ಎಲ್ಲಾರು ಅಂದ್ರ ನಿನ್ನ ಬಿಟ್ಟು ಎಲ್ಲಾರು ಅಂತೇನು?"

ಶೆಡ್ಡಿನಲ್ಲಿ ಅಭ್ಯಾಸ ಶುರುವಾಯಿತು. ಅವಳು ಹಮಾಲನ ಮಗಳು, ಮದುವೆಗೆ ಮುಂಚೆ ಅಪ್ಪನೊಂದಿಗೆ ಮೂಟೆ ಹೊತ್ತವಳು. ಭಾರ ಅವಳಿಗೆ ಲೆಕ್ಕಕ್ಕೇ ಇರಲಿಲ್ಲ. ತೊಂದರೆ ಬೇರೆಯೇ ಇತ್ತು. ಡಾಕಪ್ಪನ ಅಂಗಾಲು ಬೆನ್ನಿಗೆ ತಾಗಿತೋ ಇಲ್ಲವೋ, ರೇಣುಕವ್ವನಿಗೆ ಕಚಗುಳಿ! ಮೊದಲು ಹೊಟ್ಟೆ ಕುಲುಕುತ್ತಿತ್ತು, ಆಮೇಲೆ ಭುಜ, ಆಮೇಲೆ ಇಡೀ ಬೆನ್ನು. "ಯವ್ವಾ ಯವ್ವಾ, ತಗೀಯೋ ಕಾಲು" ಎಂದು ಅವಳು ಹೊರಳಾಡಿ ನಗುವಾಗ ಡಾಕಪ್ಪ ಕೆಳಗಿರುತ್ತಿದ್ದ. ಅವನ ಮೇಲೆ ಮುತ್ತವ್ವನನ್ನು ಹತ್ತಿಸುವ ಧೈರ್ಯ ಹಾಜಿರಾಬಿಗೆ ಒಂದು ದಿನವೂ ಬರಲಿಲ್ಲ.

"ನಗಬ್ಯಾಡ, ಹುಡುಗಿ ಕುತ್ತಿಗಿ ಮುರೀತಾಳು" ಎಂದು ಹಾಜಿರಾಬಿ ಗದರಿದರೆ, "ನಾ ಎಲ್ಲಿ ನಗಾಕತ್ತೇನ್ರಿ, ಬೆನ್ನಽ ನಗಾಕತ್ತೈತಿ" ಎನ್ನುತ್ತಿದ್ದಳು. ಅವಳು ಹೇಳಿದ್ದು ಸುಳ್ಳಲ್ಲ.

ಸುದ್ದಿ ಮಗನ ಕಿವಿಗೆ ಬಿತ್ತು. ಉಡಚಪ್ಪ ಇಸ್ತ್ರಿ ಅಂಗಿಯವನು, ಕಿಸೆಯಲ್ಲಿ ಪೆನ್ನು, ಮಾತಿನಲ್ಲಿ ಮರ್ಯಾದೆ. ಅವನಿಗೆ ಸಿಟ್ಟಿಗಿಂತ ಅಳು ಬಂತು. ಚಿಕ್ಕಂದಿನಿಂದ ಜನ ಅವ್ವನನ್ನು ನೋಡಿ ನಗುವುದನ್ನು ಅವನು ಹಲ್ಲು ಕಚ್ಚಿ ನೋಡಿಕೊಂಡು ಬಂದಿದ್ದ. "ಇಷ್ಟು ದಿನ ಬ್ಯಾಡಗಿ ಮಂದಿ ನಕ್ಕದ್ದು ಸಾಲಲಿಲ್ಲೇನು ಬೇ? ಜಿಲ್ಲಾಕ್ಕ ಜಿಲ್ಲಾನಽ ನಗಬೇಕೇನು?" ಎಂದ. ಆ ಮಾತಿಗೆ ರೇಣುಕವ್ವ ಸೋತಳು. ಜೊತೆಗೆ ಹುಡುಗಿಯ ಕುತ್ತಿಗೆಯ ಭಯವೂ ಇತ್ತು. ಹಾಜಿರಾಬಿಗೆ, ನಾ ಒಲ್ಲೆ, ಕೆಳಗಿನಾಕಿಗೆ ಜ್ವರ ಬಂದೈತಿ ಅಂತ ಹೇಳಿಬಿಡ್ರಿ ಎಂದು ಹೇಳಿ ಕಳಿಸಿದಳು. ಆ ವಾರ ಅವಳು ಕೊರೆದ ಕೋಳಿಗಳೆಲ್ಲ ಮುಖ ಕೆಳಗೆ ಹಾಕಿಕೊಂಡಿದ್ದವು.

ಆಟದ ದಿನ ಹಾವೇರಿಯ ಮೈದಾನದಲ್ಲಿ ಎಳ್ಳು ಹಾಕಲೂ ಜಾಗ ಇರಲಿಲ್ಲ. ಕೋರ್ಟಿನ ಗುಮಾಸ್ತರು, ಹೊಸ ಆಫೀಸುಗಳ ಸಾಹೇಬರು, ಟ್ರ್ಯಾಕ್ಟರಿನಲ್ಲಿ ಬಂದ ಕುಪ್ಪೇಲೂರಿನವರು, ಲಾರಿ ಹತ್ತಿ ಬಂದ ಬ್ಯಾಡಗಿಯ ಹಮಾಲರು. ಹಿಂದಿನ ಪರದೆ ಪೂರಾ ಗೋಣಿಚೀಲ ಹೊಲಿದು ಮಾಡಿದ್ದು. ನಡುವೆ ಆಳೆತ್ತರದ ಮಾರ್ಕಾ, ಕೆಳಗೆ ತುರುಬಿನ ಹೂವು ಎಲ್ಲರಿಗೂ ಕಾಣುವಂತೆ. ರೇಣುಕವ್ವ ಮಗನ ಪಕ್ಕದಲ್ಲಿ, ನೋಡಲಿಕ್ಕಷ್ಟೇ ಬಂದವಳಂತೆ, ಸೆರಗು ಮುಖದವರೆಗೆ ಎಳೆದುಕೊಂಡು ಕುಳಿತಿದ್ದಳು. ಸೀರೆಗೆ ಮಾತ್ರ ಕಚ್ಚೆ ಹಾಕಿಕೊಂಡಿದ್ದಳು. ಯಾಕೆ ಹಾಕಿಕೊಂಡಳೋ ಮಗ ಕೇಳಲಿಲ್ಲ, ಅವಳು ಹೇಳಲಿಲ್ಲ.

ಆಟ ಚೆನ್ನಾಗಿಯೇ ನಡೆಯಿತು. ರಿಮ್ಮುಗಳು ಹಾರಿದವು, ಮುತ್ತವ್ವ ಕೈ ಮೇಲೆ ಮೈದಾನ ಸುತ್ತಿದಳು, ಜನ ಹುಚ್ಚೆದ್ದು ಕೂಗಿದರು. ಕಡೆಯ ಐಟಂ ಬಂತು. ಡಾಕಪ್ಪ ನಡುವೆ ಬಂದು ಕೈ ಎತ್ತಿದ. ಹಾಜಿರಾಬಿ ಮೈಕಿನಲ್ಲಿ, ಕೆಳಗಿನ ಅಕ್ಕಾರಿಗೆ ಮೈಯಾಗ ಆರಾಮ ಇಲ್ಲ ಎಂದಳು.

"ಸುಳ್ಳು!" ಎಂದು ಯೂಸುಫಸಾಬ ಎದ್ದು ನಿಂತ. "ಮಾರ್ಕಾದಾಗ ಅದಾಳ, ಇಲ್ಲಿ ಬೇಕು!"

ಹಮಾಲರೆಲ್ಲ ಎದ್ದರು. ಕೆಳಗಿನಾಕಿ ಎಲ್ಲಿ, ಕೆಳಗಿನಾಕಿ ಎಲ್ಲಿ ಎಂಬ ಕೂಗು ಮೈದಾನ ತುಂಬಿತು. ರಾಣೆಬೆನ್ನೂರಿನಿಂದ ಬಂದಿದ್ದ ಯಾರೋ, "ಇವ್ರದು ಯಾವಾಗ್ಲೂ ಇದಽ ಹಣೇಬರ, ಹೋದ ಸಲ ಸಿಂಹಾ ಇರಲಿಲ್ಲ" ಎಂದ. ನಗು ಎದ್ದಿತು. ಹಿಂದಿನ ಸಾಲುಗಳಲ್ಲಿ ಜನ ಚಪ್ಪಲಿ ಹುಡುಕತೊಡಗಿದರು. ಮೈಕು ಹಿಡಿದ ಹಾಜಿರಾಬಿಯ ಕೈ ಕೆಳಗಿಳಿಯಿತು. ಡಾಕಪ್ಪ ಮಾತ್ರ ಕೈ ಎತ್ತಿಕೊಂಡೇ ನಿಂತಿದ್ದ, ಏನಾಗುತ್ತಿದೆ ಎಂದು ಕತ್ತು ಅತ್ತಿತ್ತ ತಿರುಗಿಸುತ್ತ. ಶಾಲೆಯ ಬಾಗಿಲು ಮುಚ್ಚುವುದು ಎಂದರೆ ಹೀಗೇ ಎಂದು ರೇಣುಕವ್ವನಿಗೆ ಅನ್ನಿಸಿತು.

ಅವಳು ಎದ್ದಳು. ಚಪ್ಪಲಿ ಬಿಚ್ಚಿ ಮಗನ ಕೈಗೆ ಕೊಟ್ಟಳು. "ಹಿಡಿ."

"ಬ್ಯಾಡಬೇ, ಮಂದಿ ನಗ್ತಾರು."

"ನಗಲಿ ಬಿಡೋ. ಅವರ ನಗು ನನಗೇನು ಹೊಸಾದಲ್ಲ. ನಾ ನಗದಿದ್ರ ಸಾಕು."

ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಜನರ ನಡುವೆ ದಾರಿ ಮಾಡಿಕೊಂಡು ನಡೆದಾಗ ನಿಜವಾಗಿಯೂ ಜನ ನಕ್ಕರು. ಬ್ಯಾಡಗಿಯ ಹಮಾಲರು, "ಏ, ನಮ್ಮ ರೇಣಕ್ಕ! ನಮ್ಮ ರೇಣಕ್ಕ!" ಎಂದು ಟವೆಲ್ಲು ಹಾರಿಸಿದರು. ಚಪ್ಪಲಿ ಹುಡುಕುತ್ತಿದ್ದವರು ಕುಳಿತರು. ಅವಳು ನಡುವೆ ಹೋಗಿ ಕೈ ಮಂಡಿ ಊರಿದಳು. ಡಾಕಪ್ಪ ಬಾಗಿ ಅವಳ ಬೆನ್ನು ಮುಟ್ಟಿ ನೋಡಿ, "ಬಂದಿಯೇನ ಬೇ?" ಎಂದ.

"ಬಂದೇನೋ. ಹತ್ತು. ಲಗೂ ಹತ್ತು."

ಅಂಗಾಲು ಬೆನ್ನಿಗೆ ತಾಗಿತು. ಕಚಗುಳಿ ಹೊಟ್ಟೆಯಿಂದ ಎದ್ದು ಬಂತು. ರೇಣುಕವ್ವ ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡಳು. ಎರಡನೆಯ ಕಾಲೂ ಬಂತು. ಬೆನ್ನು ಒಮ್ಮೆ ಕುಲುಕಿತು. ಡಾಕಪ್ಪ ಜೋಲಿ ಹೊಡೆದು ಸಾವರಿಸಿಕೊಂಡ. ಮುತ್ತವ್ವ ಕುತುಬುದ್ದೀನನ ಹೆಗಲಿನಿಂದ ಡಾಕಪ್ಪನ ಬೆನ್ನಿಗೆ ದಾಟಿಕೊಂಡಳು, ಮೇಲೇರಿದಳು, ಅಂಗೈಗೆ ಅಂಗೈ ಊರಿದಳು. ಇನ್ನು ನಕ್ಕರೆ ಹುಡುಗಿ ಉಳಿಯುವುದಿಲ್ಲ. ರೇಣುಕವ್ವ ಬದನೆಕಾಯಿಯಂಥ ತನ್ನ ಮೊದಲ ಕೋಳಿಯನ್ನು ನೆನೆಯಬಾರದು ಎಂದುಕೊಂಡಳು, ನೆನೆದಳು, ಮೂಗಿನಿಂದ ಒಂದು ಸಣ್ಣ ಸದ್ದು ಹೊರಬಿತ್ತು. ಬೆನ್ನು ಮಾತ್ರ ಬಂಡೆಯಾಗಿತ್ತು. ಮುತ್ತವ್ವನ ಪಾದಗಳು ಮೇಲೆ, ಮೇಲೆ, ಇನ್ನೂ ಮೇಲೆ ಹೋಗಿ ನೆಟ್ಟಗೆ ನಿಂತವು. ಅವುಗಳ ಮೇಲಿನಿಂದ ಕುತುಬುದ್ದೀನನ ರಿಮ್ಮುಗಳು ಸಾಲು ಹಿಡಿದು ಹಾರಿದವು.

ಪರದೆಯ ಮೇಲೆ ಏನಿತ್ತೋ ಅದೇ ನೆಲದ ಮೇಲಿತ್ತು. ಜನ ಅದನ್ನು ಒಮ್ಮೆ, ಇದನ್ನು ಒಮ್ಮೆ ನೋಡಿದರು. ಆಮೇಲೆ ಎದ್ದ ಕೂಗು ಹೆದ್ದಾರಿಯ ಲಾರಿಗಳನ್ನೂ ನಿಲ್ಲಿಸಿರಬೇಕು. ಈ ಸಲ ಅದು ನಗುವಾಗಿರಲಿಲ್ಲ. ಇಸ್ತ್ರಿ ಅಂಗಿಯ ಉಡಚಪ್ಪ ಒಂದೊಂದು ಕೈಯಲ್ಲಿ ಒಂದೊಂದು ಚಪ್ಪಲಿ ಹಿಡಿದು ತಲೆಯ ಮೇಲೆತ್ತಿ ಕುಣಿಯುತ್ತ, ಪಕ್ಕದವರಿಗೆಲ್ಲ, "ಕೆಳಗಿನಾಕಿ ನಮ್ಮವ್ವ ರೀ, ನಮ್ಮವ್ವ!" ಎಂದು ಹೇಳುತ್ತಿದ್ದ. ಅವನ ಕಣ್ಣಲ್ಲಿ ನೀರು ಧಾರಾಕಾರ ಸುರಿಯುತ್ತಿತ್ತು.

ನೆಲಕ್ಕೆ ಮುಖ ಮಾಡಿದ್ದ ರೇಣುಕವ್ವನಿಗೆ ಕತ್ತು ಎತ್ತಿದಾಗ ಕಂಡದ್ದು ಜನವೋ ಜನ. ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಅವಳಿಗೆ ಅಳುವೂ ಬಂತು, ನಗುವೂ ಬಂತು, ಎರಡನ್ನೂ ಸೆರಗಿನೊಂದಿಗೆ ಕಚ್ಚಿ ಹಿಡಿದಳು.

ಹಾಜಿರಾಬಿ ಮೈಕು ಎಸೆದು, ಮುರಿದ ಸೊಂಟ ಮರೆತು ಓಡಿಬಂದಳು. "ಆತು ಆತು, ಗೆದ್ವಿ! ಇಳೀರಿ, ಲಗೂ ಇಳೀರಿ!" ಎಂದಳು. ಮೇಲೆ ಮುತ್ತವ್ವ ಇಳಿಯಲೆಂದು ಮೊಣಕೈ ಮಡಚಿದಳು.

ಕೆಳಗೆ ಸೆರಗು ಬಾಯಿಂದ ಹೊರಬಂತು.

"ಏ, ಯಾರೂ ಇಳೀಬ್ಯಾಡ್ರಿ! ಯಾಕ ಅವಸರಾ ಮಾಡ್ತೀರಿ? ನಾ ಈಗಿನ್ನ ಬಂದೇನಿ."